ಗೊಂದಲಕ್ಕೆ ಕೇರಿಯಿಲ್ಲದ ಊರು

ಆ ಊರಿನಲ್ಲಿ ಹಸಿವಾಗುತ್ತಿದ್ದದ್ದು ಒಂದು ಕೇರಿಯವರಿಗೆ ಮಾತ್ರ. ಸಿಟ್ಟು ಬರುತ್ತಿದ್ದದ್ದು ಇನ್ನೊಂದು ಕೇರಿಯವರಿಗೆ. ಇದು ಸರಿ, ಇದು ತಪ್ಪು ಎಂದು ತೀರ್ಮಾನ ಮಾಡುತ್ತಿದ್ದವರು ಮೂರನೆಯ ಕೇರಿಯವರು. ಹಾಗಾದರೆ ಉಳಿದವರು ಊಟವನ್ನೇ ಮಾಡುತ್ತಿರಲಿಲ್ಲವೇ ಎಂದು ಕೇಳಬೇಡಿ. ಮಾಡುತ್ತಿದ್ದರು, ಚೆನ್ನಾಗಿಯೇ ಮಾಡುತ್ತಿದ್ದರು. ಆದರೆ ಹಸಿವು ಮಾತ್ರ ಅವರದಾಗಿರಲಿಲ್ಲ.

ತೀರ್ಮಾನ ಮಾಡುವವರದು ಕಪ್ಪು ಕೇರಿ. ಅಲ್ಲಿನ ಪ್ರತಿ ಮನೆಯ ಬಾಗಿಲಲ್ಲೂ ಬೂದಿ ಕೇರಿಯ ಒಬ್ಬ ಹೆಂಗಸು ಕೂತಿರುತ್ತಿದ್ದಳು. ಅವಳನ್ನು ಹಸಿವಿನವಳು ಎನ್ನುತ್ತಿದ್ದರು. ಹೊತ್ತು ನೆತ್ತಿಗೆ ಬಂದಾಗ ಅವಳು ಒಳಗೆ ಇಣುಕಿ, "ಬುದ್ಧೀ, ನಿಮಗೆ ಹಸಿವಾಗಿದೆ" ಎನ್ನುತ್ತಿದ್ದಳು. "ಹೌದಾ? ಹಾಗಾದ್ರೆ ಬಡಿಸು" ಎಂದು ಮನೆಯಾತ ಎಲೆಯ ಮುಂದೆ ಕೂರುತ್ತಿದ್ದ. ಅವಳು "ನಿಮಗೆ ಹೊಟ್ಟೆ ತುಂಬಿತು" ಎಂದಾಗ ಕೈ ತೊಳೆಯುತ್ತಿದ್ದ.

ಬೂದಿ ಕೇರಿಯವರು ನೂಲುವವರು, ಉಳುವವರು, ಬೇಯಿಸುವವರು. ಬೇಕು ಎನ್ನುವುದು ಅವರ ಹಕ್ಕು. ಆದರೆ ಅವರಿಗೆ ಸಿಟ್ಟು ಬರುವಂತಿಲ್ಲ. ಪಕ್ಕದ ಮನೆಯವಳು ಕೋಳಿ ಕದ್ದು ಸಾರು ಮಾಡಿದಳೆನ್ನಿ, ಕೋಳಿ ಕಳೆದುಕೊಂಡವಳು ಕಾವಲಿನವರ ಕೆಂಪು ಕೇರಿಗೆ ಹೋಗಿ, "ಅಣ್ಣಾ, ನನ್ನ ಕೋಳಿ ಹೋಯ್ತು, ಒಂಚೂರು ಸಿಟ್ಟು ಮಾಡ್ಕೊಡಿ" ಎಂದು ಕೇಳಬೇಕು. ಕೆಂಪಿನವನು ಎಷ್ಟು ಸಿಟ್ಟಾಗಬೇಕೆಂದು ಕಪ್ಪು ಕೇರಿಯಲ್ಲಿ ವಿಚಾರಿಸಿಕೊಂಡು ಬಂದು, ಕಳ್ಳಿಯ ಅಂಗಳದಲ್ಲಿ ನಿಂತು ಅಷ್ಟು ಮಾತ್ರ ಕೂಗಾಡುತ್ತಿದ್ದ. "ಇನ್ನೊಂಚೂರು ಬೈಯಣ್ಣ" ಎಂದರೆ, "ಹೇಳಿರೋದು ಇಷ್ಟೇ ತಾಯಿ" ಎಂದು ಮೀಸೆ ಒರೆಸಿಕೊಂಡು ಹೊರಟುಬಿಡುತ್ತಿದ್ದ.

ದಿನಾ ಬೆಳಗ್ಗೆ ಮೂರು ಕೇರಿಯವರೂ ಹೊಸ್ತಿಲ ಮೇಲೆ ನಿಂತು ಒಂದೇ ದನಿಯಲ್ಲಿ ಹೇಳುತ್ತಿದ್ದರು: ನನ್ನ ಕೈಗೆ ನನ್ನದು, ನಿನ್ನ ಕೈಗೆ ನಿನ್ನದು, ಅವರ ಕೈಗೆ ಅವರದು, ಇದೇ ನ್ಯಾಯ. ಮೂರು ಸಲ ಹೇಳಿ ಕೈ ಮುಗಿದು ಒಳಗೆ ಹೋಗುತ್ತಿದ್ದರು. ಊರು ನೆಮ್ಮದಿಯಾಗಿತ್ತು, ಇಲ್ಲ ಎನ್ನಲಾರೆ. ಒಂದೇ ಒಂದು ಕೊರತೆಯಿತ್ತು. ಗೊಂದಲಕ್ಕೆ ಆ ಊರಿನಲ್ಲಿ ಕೇರಿ ಇರಲಿಲ್ಲ. ಕಪ್ಪಿನವರು ಗೊತ್ತಿಲ್ಲ ಎನ್ನುವ ಹಾಗಿರಲಿಲ್ಲ, ಉಳಿದವರಿಗೆ ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ.

ಯಾರು ಯಾವ ಕೇರಿಯವರೆಂದು ಹೇಳುತ್ತಿದ್ದದ್ದು ಬೆಂಕಿ. ಹನ್ನೆರಡು ತುಂಬಿದ ಮಕ್ಕಳು ಹಸಿ ಜೇಡಿಯ ಬಿಲ್ಲೆಯ ಮೇಲೆ ಬಲಗೈ ಒತ್ತುತ್ತಿದ್ದರು. ಬಿಲ್ಲೆಗಳನ್ನು ಊರ ಬಾಗಿಲಿನ ಹೊರಗಿದ್ದ ಆವಿಗೆಯಲ್ಲಿ, ಮಣ್ಣು ಸುಡುವ ಆಳದ ಗೂಡಿನಲ್ಲಿ, ಸುಡುತ್ತಿದ್ದರು. ಕಪ್ಪಾಗಿ ಬಂದರೆ ಕಪ್ಪು ಕೇರಿ, ಕೆಂಪಾದರೆ ಕೆಂಪು ಕೇರಿ, ಬೂದಿ ಬಣ್ಣಕ್ಕೆ ಬಂದರೆ ಬೂದಿ ಕೇರಿ. ಅವತ್ತಿನಿಂದ ಬಿಲ್ಲೆ ಕೊರಳಲ್ಲಿ. ಸತ್ತಾಗ ಅದನ್ನು ತಲೆಯ ಕೆಳಗಿಟ್ಟು ಇಡಿಯಾಗಿ ಹೂಳಬೇಕು. ಬಿಲ್ಲೆ ಒಡೆಯುವುದನ್ನು ಯಾರೂ ಕಂಡಿರಲಿಲ್ಲ, ಒಡೆದರೇನೆಂದು ಯೋಚಿಸಿಯೂ ಇರಲಿಲ್ಲ.

ಈ ಬಿಲ್ಲೆಗಳನ್ನು ಸುಡುತ್ತಿದ್ದವಳೇ ನಮ್ಮ ಕಥೆಯ ಹೆಂಗಸು. ಊರು ಅವಳನ್ನು ಆವಿಗೆಯವಳು ಎಂದು ಕರೆಯುತ್ತಿತ್ತು. ತಾಯಿ ಸತ್ತ ಮೇಲೆ ಇಪ್ಪತ್ಮೂರು ವರ್ಷದಿಂದ ಅವಳದೇ ಕೆಲಸ. ಆವಿಗೆಗೆ ಬಿಲ್ಲೆ ಜೋಡಿಸುವಾಗ ಅವಳ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು, ಯಾರ ಬಿಲ್ಲೆ ಎಲ್ಲಿ ಹೋಯಿತೆಂದು ಅವಳಿಗೂ ತಿಳಿಯಬಾರದೆಂದು. ಜೋಡಿಸಿ ಮುಗಿದ ಮೇಲೆ ಅವಳು, "ಬುದ್ಧೀ, ಬೆಂಕಿ ಹಚ್ಚಲಾ?" ಎನ್ನಬೇಕು. ಕಪ್ಪು ಕೇರಿಯ ತೀರ್ಪಿನವನು "ಹಚ್ಚು" ಎನ್ನಬೇಕು. ಇಷ್ಟಾದರೆ ಮುಗಿಯಿತು, ಉಳಿದದ್ದು ಬೆಂಕಿಯ ಪಾಲು.

ಆದರೆ ಆವಿಗೆಯ ತಳದಲ್ಲಿ ಹೊಟ್ಟು ತುಂಬಿರುತ್ತದೆ. ಅದರಲ್ಲಿ ಹುದುಗಿಸಿಟ್ಟದ್ದು ಹೊಗೆ ಕುಡಿದು ಕಪ್ಪಾಗುತ್ತದೆ. ನಡುವೆ ಉರಿ ನೆಕ್ಕುವ ಕಡೆ ಇಟ್ಟದ್ದು ಕೆಂಪಾಗುತ್ತದೆ. ಮೇಲೆ ಬೂದಿ ಉದುರುವಲ್ಲಿ ಇಟ್ಟದ್ದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಮಣ್ಣು ಸುಡುವ ಯಾರಿಗಾದರೂ ಗೊತ್ತಿರುವ ವಿಷಯ. ಆ ಊರಿನಲ್ಲಿ ಮಣ್ಣು ಸುಡುತ್ತಿದ್ದವಳು ಅವಳೊಬ್ಬಳೇ, ಅವಳು ಬೂದಿಯವಳು. ಬೂದಿಯವರು ತಮಗೆ ಗೊತ್ತಿರುವುದನ್ನು ಗೊತ್ತಿದೆ ಎಂದುಕೊಳ್ಳುವ ಹಾಗೂ ಇರಲಿಲ್ಲ.

ಕಣ್ಣಿಗೆ ಬಟ್ಟೆ ಕಟ್ಟಿದರೆ ಬೆರಳಿಗೆ ಕಟ್ಟಿದ ಹಾಗಾಯಿತೇ? ಒಂದೊಂದು ಅಂಗೈ ಗುರುತನ್ನೂ ಅವಳ ಬೆರಳು ಓದುತ್ತಿತ್ತು. ಇದು ನೇಕಾರರ ಹುಡುಗಿಯದು, ಇದು ಉಗುರು ಕಚ್ಚುವ ಹುಡುಗನದು. ಜೋರಾಗಿ ಒತ್ತಿದ ಕೈ ನಡುವಿಗೆ ಹೋಗುತ್ತಿತ್ತು, ಅಂಜುತ್ತಾ ಒತ್ತಿದ ಕೈ ಮೇಲಕ್ಕೆ, ಹದವಾಗಿ ಒತ್ತಿದ್ದು ತಳಕ್ಕೆ. ನಾನಲ್ಲ ಇಟ್ಟಿದ್ದು, ಕೈ ಇಟ್ಟಿತು ಎಂದು ಅವಳು ಮನೆಗೆ ಹೋಗಿ ಉಂಡು ಮಲಗುತ್ತಿದ್ದಳು. ಒಂಬತ್ತು ವರ್ಷದ ಹಿಂದೆ ಅವಳಿಗೆ ಸೊಂಟ ಹಿಡಿದುಕೊಂಡಿತ್ತು. ತಳಕ್ಕೆ ಬಗ್ಗಲು ಆಗಲಿಲ್ಲ. ಆ ವರ್ಷ ಊರಿನಲ್ಲಿ ಒಬ್ಬನೂ ಕಪ್ಪಿನವನಾಗಲಿಲ್ಲ. ಕಪ್ಪು ಕೇರಿಯವರು ಮೂರು ದಿನ ಸಭೆ ಸೇರಿ, "ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದೇವೆ, ನ್ಯಾಯ ತುಂಬಿ ನಿಂತಿದೆ, ಬೆಂಕಿಯೇ ಹಾಗೆಂದಿದೆ" ಎಂದು ಊರ ಬಾಗಿಲಲ್ಲಿ ಕಲ್ಲು ಕೆತ್ತಿಸಿದರು. ಆವಿಗೆಯವಳು ಆ ಕಲ್ಲಿನ ಮುಂದೆ ಸೊಂಟ ಹಿಡಿದುಕೊಂಡೇ ಓಡಾಡಿದಳು.

ಈ ವರ್ಷ ಅವಳ ಮಗಳಿಗೆ ಹನ್ನೆರಡು ತುಂಬಿತು.

ಕೊರಳಿಗೆ ಬಿಲ್ಲೆ ಬೀಳುವವರೆಗೆ ಮಕ್ಕಳಿಗೆ ಹಸಿವು, ಸಿಟ್ಟು, ತೀರ್ಮಾನ ಮೂರೂ ಇರಬಹುದು, ಅಷ್ಟು ಸಡಿಲ ಆ ಊರು ಕೊಟ್ಟಿತ್ತು. ಮಗಳು ಆ ಸಡಿಲವನ್ನು ಚೆನ್ನಾಗಿಯೇ ಬಳಸಿಕೊಂಡಿದ್ದಳು. ಬೆಲ್ಲ ಬೇಕೆಂದು ಹಟ ಹಿಡಿಯುತ್ತಿದ್ದಳು, ಕೊಡದಿದ್ದರೆ ಸಿಡಿಯುತ್ತಿದ್ದಳು, ಆಮೇಲೆ ಒಂದು ಗಳಿಗೆ ಸುಮ್ಮನೆ ಕೂತು, "ಹೋಗ್ಲಿ ಬಿಡು, ನಾಳೆಗೂ ಬೇಕಲ್ಲ" ಎಂದು ತಾನೇ ಡಬ್ಬಿ ಮುಚ್ಚುತ್ತಿದ್ದಳು. ತಾಯಿಗೆ ಅದೊಂದು ಬೆರಗು. ಒಂದು ದಿನ ಕೇಳಿಯೇ ಬಿಟ್ಟಳು.

"ಅದೆಂಗೆ ಸುಮ್ಮನಾಗ್ತೀಯೇ ನೀನು?"

"ಒಳಗೆ ಮೂರು ಜನ ಇದಾರಲ್ಲವ್ವ. ಒಬ್ಳು ಬೇಕು ಅಂತಾಳೆ. ಇನ್ನೊಬ್ಳು ಜಗಳಕ್ಕೆ ನಿಲ್ತಾಳೆ. ಮೂರನೇವ್ಳು ಬಾಯೇ ಬಿಡಲ್ಲ. ಅವಳನ್ನ ಕೊನೇಲಿ ಕೇಳ್ತೀನಿ."

"ಅವಳೇನಂತಾಳೆ?"

"ಮೊದ್ಲು ಆ ಇಬ್ರಿಗೂ ಸರಿಯಾಗಿ ಕೇಳಿಸ್ಕೊಂಡ್ಯಾ ಅಂತಾಳೆ." ಮಗಳು ನಕ್ಕಳು. "ಅವ್ವಾ, ನನ್ನ ಬಿಲ್ಲೆ ಎಲ್ಲಿಡ್ತೀಯ?"

"ನಾನೆಲ್ಲಿಡೋದು, ಬೆಂಕಿ ಹೇಳುತ್ತೆ" ಎಂದಳು ತಾಯಿ. ಹೇಳುತ್ತಲೇ ಅವಳ ಕೈ ಬೆವರಿತು.

ತಳದಲ್ಲಿಟ್ಟರೆ ಮಗಳು ಕಪ್ಪಿನವಳಾಗುತ್ತಾಳೆ. ದೊಡ್ಡವಳಾಗುತ್ತಾಳೆ, ಊರೇ ಕೈ ಮುಗಿಯುತ್ತದೆ. ಆದರೆ ಅವಳಿಗೆ ಇನ್ನೇನೂ ಬೇಕಾಗುವುದಿಲ್ಲ, ಬೆಲ್ಲವೂ ಬೇಡ, ಅವ್ವನೂ ಬೇಡ. ನಡುವೆ ಇಟ್ಟರೆ ಕಂಡವರ ಸಿಟ್ಟನ್ನು ಹೊತ್ತು ತಿರುಗಬೇಕು. ಮೇಲಿಟ್ಟರೆ ತನ್ನ ಮಗ್ಗುಲಲ್ಲೇ ಇರುತ್ತಾಳೆ, ತನ್ನ ಹಾಗೆಯೇ ಇರುತ್ತಾಳೆ, ಬೈದರೆ ತಲೆ ತಗ್ಗಿಸಿಕೊಂಡು, ಸಾರಿಗೆ ಉಪ್ಪು ಹಾಕಬೇಕೋ ಬೇಡವೋ ಎಂದು ಕಪ್ಪು ಕೇರಿಗೆ ಕೇಳಲು ಹೋಗುತ್ತಾ. ಎಲ್ಲಿಟ್ಟರೂ ಆ ಮೂವರಲ್ಲಿ ಇಬ್ಬರು ಸಾಯುತ್ತಾರೆ. ಯಾವ ಇಬ್ಬರು ಎಂಬುದಷ್ಟೇ ಅವಳ ಕೈಯಲ್ಲಿತ್ತು.

ಮಗಳು ಹತ್ತಿರವೇ ಬೇಕು ಎಂದಿತು ಅವಳ ಹೊಟ್ಟೆ. ಅದು ಸರಿ, ಬೂದಿಯವಳ ಹೊಟ್ಟೆ ಹಾಗನ್ನಬಹುದು. ಆದರೆ ಅದರ ಬೆನ್ನಿಗೇ ಎದೆಯಲ್ಲಿ ಏನೋ ಕುದಿಯಿತು: ಇದನ್ನು ನನ್ನ ತಲೆಗೆ ಕಟ್ಟಿದವರು ಯಾರು? ಅದು ಮುಗಿಯುವ ಮೊದಲೇ ಮೆಲ್ಲಗೆ ಇನ್ನೊಂದು ದನಿ ಎದ್ದಿತು: ಅವರಿವರ ಮಕ್ಕಳದು ಇಟ್ಟಾಗ ನಿನಗೆ ಕೈ ಬೆವರಿರಲಿಲ್ಲ, ಅಲ್ಲವಾ? ಆವಿಗೆಯವಳು ಬೆಚ್ಚಿಬಿದ್ದಳು. ತನಗೆ ಏನೋ ರೋಗ ಬಂದಿದೆ ಎಂದುಕೊಂಡಳು. ಸೆರಗಿನಲ್ಲಿ ಹುರಿದ ಕಡಲೆ ಕಟ್ಟಿಕೊಂಡು ತೀರ್ಪಿನವನ ಮನೆಗೆ ಹೋದಳು.

ತೀರ್ಪಿನವನಿಗೆ ಇನ್ನೂ ಮೂವತ್ತೈದು. ಕಪ್ಪು ಕೇರಿಗೇ ಅವನು ಮೇಲು. ಮರದ ಪೀಠದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಅವನ ಹಸಿವಿನವಳು ನೀರಿಗೆಂದು ಹೋಗಿದ್ದಳು.

"ಬುದ್ಧೀ, ನನ್ನೊಳಗೆ ಮೂರು ಜನ ಮಾತಾಡ್ತಾ ಇದಾರೆ."

"ಬೂದಿಯವರ ಒಳಗೆ ಒಬ್ಬಳೇ ಇರೋದು," ಎಂದ ತೀರ್ಪಿನವನು. "ಮಿಕ್ಕಿಬ್ಬರು ನಿನ್ನವರಲ್ಲ. ಅವರ ಮಾತಿಗೆ ಕಿವಿ ಕೊಡಬೇಡ."

"ಕಿವಿ ಕೊಡಬೇಡ ಅಂತಾನೂ ಒಬ್ಬಳು ಒಳಗೇ ಹೇಳ್ತಾಳೆ ಬುದ್ಧಿ. ಅವಳು ಯಾರವಳು?"

ತೀರ್ಪಿನವನು ಬಾಯಿ ತೆರೆದ. ಗೊತ್ತಿಲ್ಲ ಎನ್ನುವಂತಿರಲಿಲ್ಲವಲ್ಲ, ಮುಚ್ಚಿದ. ಆಮೇಲೆ ಮೂಗು ಅರಳಿಸಿ, "ಅದೇನು ವಾಸನೆ?" ಎಂದ.

"ಕಡಲೆ ಬುದ್ಧಿ. ಕೊಡಲಾ?"

"ಛೆ, ನಾನು ವಿಚಾರಕ್ಕೆ ಕೇಳಿದ್ದು." ಅವನ ಕಣ್ಣು ಮಾತ್ರ ಸೆರಗಿನ ಗಂಟಿನ ಮೇಲೇ ಇತ್ತು. "ಹೋಗು. ಬೆಂಕಿ ಎಲ್ಲವನ್ನೂ ಹೇಳುತ್ತೆ."

ಅವಳು ಹೋದಾಗ ಇದ್ದದ್ದಕ್ಕಿಂತ ಹೆಚ್ಚು ಕಂಗಾಲಾಗಿ ವಾಪಸು ಬಂದಳು.

ಸುಡುವ ದಿನ ಬೆಳಗ್ಗೆ ಊರಿಗೆ ಊರೇ ಆವಿಗೆಯ ಸುತ್ತ ನೆರೆಯಿತು. ಆ ವರ್ಷ ಏಳು ಮಕ್ಕಳು. ಆವಿಗೆಯ ಬಾಯಿ ಮೆತ್ತಲು ಕೆಸರು ಕಲಸಿಟ್ಟಿತ್ತು, ಪಕ್ಕದಲ್ಲಿ ನೀರಿನ ಹರವಿ. ಕೆಂಪಿನವನು ಬಂದು ಅವಳ ಕಣ್ಣಿಗೆ ಬಟ್ಟೆ ಬಿಗಿದ. ಜನ ಶುರು ಮಾಡಿದರು: ನನ್ನ ಕೈಗೆ ನನ್ನದು, ನಿನ್ನ ಕೈಗೆ ನಿನ್ನದು. ಅವಳು ಆವಿಗೆಯೊಳಗೆ ಇಳಿದಳು. ಒಂದೊಂದೇ ಬಿಲ್ಲೆ ಅವಳ ಕೈಗೆ ಬಂತು. ಒಂದು ತಳಕ್ಕೆ, ಎರಡು ನಡುವಿಗೆ, ಮೂರು ಮೇಲಕ್ಕೆ ಹೋದವು. ಏಳನೆಯದು ಕೈಗೆ ಬಂದಾಗ ಅವಳ ಬೆರಳು ಸೊಟ್ಟಗಿನ ಕಿರುಬೆರಳಿನ ಗುರುತನ್ನು ಮುಟ್ಟಿತು. ಹೆಬ್ಬೆರಳ ಬುಡದಲ್ಲಿ ಕುಡುಗೋಲು ತಾಗಿದ ಗೀರಿತ್ತು. ಆ ಗಾಯಕ್ಕೆ ಅರಿಸಿನ ಒತ್ತಿದವಳು ಅವಳೇ.

ಅವಳು ತಳಕ್ಕೆ ಬಗ್ಗಿದಳು, ಎದ್ದಳು. ನಡುವಿಗೆ ಕೈ ಚಾಚಿದಳು, ಹಿಂದೆಗೆದಳು. ಮೇಲಕ್ಕೆ ಎತ್ತಿದಳು, ಇಳಿಸಿದಳು. ಹೊರಗೆ ಮಂತ್ರ ಮೂರು ಸಲ ಮುಗಿದು ನಾಲ್ಕನೆಯದಕ್ಕೆ ಬಂತು, ಐದಕ್ಕೆ ಬಂತು. ಆಮೇಲೆ ಜನರಿಗೆ ಲೆಕ್ಕ ತಪ್ಪಿತು, ಒಬ್ಬರು ಮೊದಲ ಸಾಲು ಹೇಳಿದರೆ ಇನ್ನೊಬ್ಬರು ಕೊನೆಯದನ್ನು ಹೇಳಿದರು. ಕೊನೆಗೆ ಅವಳು ಬಿಲ್ಲೆಯನ್ನು ಎದೆಗೊತ್ತಿಕೊಂಡು ಮೇಲೆ ಹತ್ತಿ ಬಂದು ಕಣ್ಣಿನ ಬಟ್ಟೆ ಬಿಚ್ಚಿದಳು.

"ಬುದ್ಧೀ, ಇದನ್ನ ಎಲ್ಲಿಡಲಿ?"

"ಎಲ್ಲಾದರೂ ಇಡು. ಬೆಂಕಿ ಹೇಳುತ್ತೆ."

"ಬೆಂಕಿಗೆ ಬಾಯಿಲ್ಲ ಬುದ್ಧಿ. ತಳದಲ್ಲಿಟ್ಟರೆ ಕಪ್ಪು, ನಡುವೆ ಕೆಂಪು, ಮೇಲೆ ಬೂದಿ. ಇಪ್ಪತ್ಮೂರು ವರ್ಷದಿಂದ ಇಟ್ಟೋಳು ನಾನು. ಆ ವರ್ಷ ಕಪ್ಪು ಕೇರಿಗೆ ಯಾರೂ ಬರಲಿಲ್ಲ ಅಂತ ಕಲ್ಲು ಕೆತ್ತಿಸಿದ್ರಲ್ಲ, ಅವತ್ತು ನಂಗೆ ಸೊಂಟ ಹಿಡ್ಕೊಂಡಿತ್ತು, ಅಷ್ಟೇ."

ನಂಬುತ್ತೀರೋ ಇಲ್ಲವೋ, ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಸಿಟ್ಟಾಗಬೇಕೋ ಬೇಡವೋ ಎಂದು ಕೆಂಪಿನವರು ತೀರ್ಪಿನವನ ಮುಖ ನೋಡಿದರು. ಇಂಥ ಸಂಗತಿಗೆ ಏನು ಹೇಳಬೇಕೆಂದು ತೀರ್ಪಿನವನು ತನ್ನವರ ಮುಖ ನೋಡಿದ. ಬೂದಿಯವರಿಗೆ ಮನೆಗೆ ಹೋಗಬೇಕು ಅನ್ನಿಸಿತು, ಹೋಗಬಹುದೇ ಎಂದು ಕೇಳಲು ಅವರು ಕಪ್ಪಿನವರ ಕಡೆ ತಿರುಗಿದರು. ಅಷ್ಟು ಜನ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಯಾರೋ ಒಬ್ಬಾಕೆ ಅಳುವ ದನಿಯಲ್ಲಿ, "ಅವಳು ಸುಳ್ಳು ಹೇಳ್ತಿದಾಳೆ ಅನ್ರಪ್ಪ ಯಾರಾದ್ರೂ" ಎಂದಳು. ಕೆಂಪು ಕೇರಿಯ ಮುದುಕನೊಬ್ಬ, "ನನ್ನದು ಎಲ್ಲಿಟ್ಟಿದ್ರು ಹಾಗಾದ್ರೆ?" ಎಂದು ತನಗೆ ತಾನೇ ಕೇಳಿಕೊಂಡ.

ತೀರ್ಪಿನವನು ಹೇಗೋ ದನಿ ತಂದುಕೊಂಡ. "ಬೂದಿಯವಳಿಗೆ ಇದೆಲ್ಲ ತಿಳಿಯೋದಿಲ್ಲ. ಅವಳ ಒಳಗೆ ಇರೋದು ಹೊಟ್ಟೆ ಒಂದೇ."

ಆಗ ಆವಿಗೆಯವಳಿಗೆ ಸಿಟ್ಟು ಬಂತು. ಯಾರ ಹತ್ತಿರವೂ ಕೇಳಿ ತಂದದ್ದಲ್ಲ, ಅವಳದೇ ಸಿಟ್ಟು. ಇಷ್ಟು ವರ್ಷ ಒಳಗೇ ಕೂತಿದ್ದದ್ದು ಒಮ್ಮೆಗೇ ಎದ್ದಿತು. ಅವಳು ಕೊರಳ ದಾರ ಕಿತ್ತು, ತನ್ನ ಬಿಲ್ಲೆಯನ್ನು ತೀರ್ಪಿನವನ ಕಾಲ ಬಳಿಯ ಕಲ್ಲಿಗೆ ಬೀಸಿ ಹೊಡೆದಳು. ಬಿಲ್ಲೆ ಎರಡು ಹೋಳಾಯಿತು.

ಜನ ಬಗ್ಗಿ ನೋಡಿದರು. ಹೊರಗೆ ಬೂದಿ ಬಣ್ಣದ ತೆಳು ಪದರ. ಅದರ ಒಳಗೆ ಕೆಂಪು. ನಟ್ಟನಡುವೆ ಕಪ್ಪು, ಇದ್ದಿಲಿನ ಹಾಗೆ. ಮೂರೂ ಅಲ್ಲೇ ಇದ್ದವು, ಒಂದರ ಮೇಲೊಂದು. ಒಬ್ಬೊಬ್ಬರ ಕೈಯೂ ಮೆಲ್ಲಗೆ ಅವರವರ ಕೊರಳಿಗೆ ಹೋಯಿತು.

ಸಿಟ್ಟು ಇಳಿದ ಮೇಲೆ ಆವಿಗೆಯವಳು ಕೈಯಲ್ಲಿದ್ದ ಹಸಿ ಬಿಲ್ಲೆಯನ್ನು ನೋಡಿದಳು. ಈಗೇನು ಮಾಡಲಿ ಎಂದು ಒಳಗೆ ಕೇಳಿಕೊಂಡಳು. ಮಗಳು ಹತ್ತಿರ ಇರಲಿ ಎಂದಿತು ಒಂದು. ಎಲ್ಲರ ಬಿಲ್ಲೆಯನ್ನೂ ಒಡೆ ಎಂದಿತು ಇನ್ನೊಂದು. ಬಾಯಿ ಬಿಡದ ಮೂರನೆಯವಳನ್ನು ಹುಡುಕಿಕೊಂಡು ಹೋಗಿ ಕೊನೆಯಲ್ಲಿ ಕೇಳಿದಳು. ಅದು ನಿನ್ನ ಕೈ ಗುರುತಲ್ಲವಲ್ಲ ಎಂದಳು ಅವಳು. ತಾಯಿ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಹಸಿ ಬಿಲ್ಲೆಯನ್ನು ಚಾಚಿದಳು.

"ತಗೊ. ನಿಂದು. ಎಲ್ಲಿಡ್ತೀಯೋ ಇಡು."

"ನೀನು ಬಯ್ಯಲ್ಲ ತಾನೇ?"

"ನಂಗೊತ್ತಿಲ್ಲ ಮಗಾ. ಬಯ್ದರೂ ಬಯ್ಯಬಹುದು."

ಮಗಳು ಬಿಲ್ಲೆಯನ್ನು ತಿರುಗಿಸಿ ನೋಡಿದಳು. ಆವಿಗೆಯೊಳಗೆ ಇಣುಕಿದಳು, ಮೇಲೆ, ನಡುವೆ, ತಳಕ್ಕೆ. ಒಂದು ಗಳಿಗೆ ಸುಮ್ಮನೆ ನಿಂತಳು. ಆಮೇಲೆ ನೀರಿನ ಹರವಿಯ ಹತ್ತಿರ ಹೋಗಿ ಬಿಲ್ಲೆಯನ್ನು ಮುಳುಗಿಸಿ ಹಿಡಿದಳು. ಸುಡದ ಮಣ್ಣು ನೀರು ಕುಡಿಯಿತು, ಸಡಿಲವಾಯಿತು, ಕಿರುಬೆರಳು ಹೋಯಿತು, ಹೆಬ್ಬೆರಳಿನ ಗೀರು ಹೋಯಿತು, ಉಳಿದದ್ದು ಒಂದು ಹಿಡಿ ಜೇಡಿ. ಅದನ್ನು ಕೈಯಲ್ಲಿ ಉಂಡೆ ಮಾಡಿಕೊಂಡು ಅವಳು ತಾಯಿಯ ಪಕ್ಕ ಬಂದು ನಿಂತಳು.

ತೀರ್ಪಿನವನಿಗೆ ಕೊನೆಗೂ ಹೇಳಲು ಒಂದು ಮಾತು ಸಿಕ್ಕಿತು. ಬಿಲ್ಲೆಯಿಲ್ಲದವರಿಗೆ ಕೇರಿಯಿಲ್ಲ. ಇಬ್ಬರೂ ಊರ ಬಾಗಿಲಿನ ಹೊರಗೆ ಇರಬೇಕು. ಆವಿಗೆ ಹೇಗೂ ಹೊರಗೇ ಇತ್ತಾದ್ದರಿಂದ ಅವರು ಎಲ್ಲಿಗೂ ಹೋಗಬೇಕಾಗಲಿಲ್ಲ, ಊರೇ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಆರು ಬಿಲ್ಲೆಗಳು ಆವಿಗೆಯಲ್ಲಿ ಹಸಿಯಾಗಿಯೇ ಉಳಿದವು. ಹಚ್ಚು ಎಂದು ಹೇಳುವುದನ್ನು ತೀರ್ಪಿನವನು ಮರೆತಿದ್ದ.

ಮಾರನೆಯ ದಿನ ಹೊತ್ತು ನೆತ್ತಿಗೆ ಬಂತು. ತಾಯಿ ಮೂರು ಕಲ್ಲು ಹೂಡಿ ರೊಟ್ಟಿ ಸುಡುತ್ತಿದ್ದಳು. ತಾನು ಮಾಡಿದ್ದು ಸರಿಯೋ ತಪ್ಪೋ ಅವಳಿಗೆ ಇನ್ನೂ ತಿಳಿದಿರಲಿಲ್ಲ. ಮಗಳ ಮನೆ ಕಳೆದೆ, ಗೆಳತಿಯರನ್ನು ಕಳೆದೆ, ಏನು ಕೊಟ್ಟೆ ಎಂದು ನೂರು ಸಲ ಕೇಳಿಕೊಂಡಿದ್ದಳು. ಹಿಟ್ಟಿಗೆ ಉಪ್ಪು ಹಾಕುವಾಗ ಕೈ ಅಭ್ಯಾಸದಂತೆ ತಡೆಯಿತು. ಯಾರನ್ನು ಕೇಳುವುದು? ಹಾಕಿದಳು. ಸ್ವಲ್ಪ ಜಾಸ್ತಿಯಾಯಿತು.

ಆಗ ಊರ ಬಾಗಿಲು ಒಂದಾಳು ನುಸುಳುವಷ್ಟು ತೆರೆಯಿತು. ತೀರ್ಪಿನವನು ಒಬ್ಬನೇ ಬಂದ. ಹಿಂದೆ ಕೆಂಪಿನವರಿಲ್ಲ, ಪಕ್ಕದಲ್ಲಿ ಹಸಿವಿನವಳಿಲ್ಲ. ಒಂದು ಕೈ ಕೊರಳ ಬಿಲ್ಲೆಯ ಮೇಲಿತ್ತು, ಇನ್ನೊಂದು ಹೊಟ್ಟೆಯ ಮೇಲೆ. ತಾಯಿ ಎದ್ದು ನಿಂತಳು, ಇನ್ನೇನು ಹೇಳಲು ಬಂದನೋ ಎಂದು ಮಗಳನ್ನು ಬೆನ್ನ ಹಿಂದೆ ಸರಿಸಿಕೊಂಡಳು.

"ಇಲ್ಲಿ ಏನೋ ಆಗ್ತಾ ಇದೆ," ಎಂದ ಅವನು ಹೊಟ್ಟೆ ಮುಟ್ಟಿಕೊಂಡು. "ನಿನ್ನೆಯಿಂದ. ಹಸಿವಿನವಳು ಹೇಳೋದಕ್ಕೂ ಮೊದಲೇ ಆಗ್ತಿದೆ. ಇದು ಹಸಿವಾ?"

"ಹೂಂ ಬುದ್ಧಿ. ಅದು ಹಸಿವೇ."

ಮಗಳು ಎಲೆಯ ಮೇಲೆ ರೊಟ್ಟಿ ಇಟ್ಟು ಕೊಟ್ಟಳು. ಅವನು ನೆಲದ ಮೇಲೆ ಕೂತು ತಿಂದ. ಉಪ್ಪು ಜಾಸ್ತಿ ಎನ್ನಲಿಲ್ಲ. ತಿನ್ನುತ್ತಾ ತಿನ್ನುತ್ತಾ ಅವನ ನೆಟ್ಟಗಿನ ಬೆನ್ನು ಒಂಚೂರು ಬಾಗಿತು. "ನನ್ನ ಬಿಲ್ಲೆ ಇಟ್ಟದ್ದು ನೀನೇ ಅಲ್ವಾ? ನೆನಪಿದೆಯಾ?"

ನೆನಪಿತ್ತು. ಅದು ಅವಳ ಮೊದಲ ವರ್ಷ. ಮೊದಲ ವರ್ಷದ್ದು ಒಂದೂ ಅವಳಿಗೆ ಮರೆತಿರಲಿಲ್ಲ. ಸುಳ್ಳು ಹೇಳಬೇಕು ಅನ್ನಿಸಿತು, ಹೇಳಲಿಲ್ಲ.

"ದುಂಡು ದುಂಡು ಕೈ ಬುದ್ಧಿ. ಬಿಲ್ಲೆ ಬೆಲ್ಲದ ವಾಸನೆ ಹೊಡೀತಿತ್ತು, ಕೈ ತೊಳೀದೆ ಒತ್ತಿದ್ರಿ ಅನ್ಸುತ್ತೆ. ಮೇಲೆ ಇಡೋಣ ಅಂತಿದ್ದೆ. ಕೈ ಜಾರಿ ತಳಕ್ಕೆ ಬಿತ್ತು. ಹೊಸಬಳು ನೋಡಿ, ತೆಗೆಯೋಕೆ ಹೆದರಿಕೆಯಾಯ್ತು. ಬಿಟ್ಟುಬಿಟ್ಟೆ."

ತೀರ್ಪಿನವನು ಎಲೆಯಲ್ಲಿ ಉಳಿದ ರೊಟ್ಟಿಯ ಚೂರುಗಳನ್ನು ಬೆರಳಲ್ಲಿ ಒಟ್ಟು ಮಾಡಿ ಬಾಯಿಗೆ ಹಾಕಿಕೊಂಡ. ಅವಳಿಗೆ ಅವನ ಮೇಲೆ ಮರುಕ ಹುಟ್ಟಿತು. ಅವನು ಕೊರಳ ದಾರಕ್ಕೆ ಕೈ ಹಾಕಿದಾಗ, "ಒಡೀಬೇಡಿ ಬುದ್ಧಿ, ಒಳಗೆ ಏನಿದೆ ಅಂತ ನೋಡಿದ್ದೀರಲ್ಲ" ಎಂದಳು. ಅವನು ಕೈ ಬಿಟ್ಟ. ಆಮೇಲೆ ತಲೆಯೆತ್ತದೆ, "ಇನ್ನೊಂದು ರೊಟ್ಟಿ ಇದೆಯಾ?" ಎಂದ.

ಮಗಳು ತನ್ನ ಪಾಲಿನದನ್ನು ಅರ್ಧ ಮುರಿದು ಕೊಟ್ಟಳು. ಜೇಡಿಯ ಉಂಡೆ ಅವಳ ಇನ್ನೊಂದು ಕೈಯಲ್ಲೇ ಇತ್ತು. ಆವಿಗೆಯ ಕಡೆ ನೋಡಿದಳು, ಅಲ್ಲಿದ್ದ ಆರು ಹಸಿ ಬಿಲ್ಲೆಗಳನ್ನು ನೋಡಿದಳು. ಅರೆ ತೆರೆದ ಊರ ಬಾಗಿಲನ್ನೂ ನೋಡಿದಳು. ಅದರ ಸಂದಿಯಲ್ಲಿ ಯಾರದೋ ಕಣ್ಣುಗಳಿದ್ದವು. ಅವಳು ತಾಯಿ ವರ್ಷ ವರ್ಷ ಕೇಳುತ್ತಿದ್ದ ಮಾತನ್ನೇ, ತಾಯಿ ಕೇಳುತ್ತಿದ್ದ ರಾಗದಲ್ಲೇ ಕೇಳಿದಳು.

"ಬುದ್ಧೀ, ಬೆಂಕಿ ಹಚ್ಚಲಾ?"

ತೀರ್ಪಿನವನು ಬಾಯಿ ತೆರೆದ. ಒಳಗೆ ಯಾರು ಯಾರು ಏನೇನು ಹೇಳುತ್ತಿದ್ದರೋ, ಅವನ ಮುಖ ಮೂರು ಸಲ ಬದಲಾಯಿತು. ಬಾಗಿಲ ಸಂದಿಯ ಕಣ್ಣುಗಳು ಕಾದವು.

"ಗೊತ್ತಿಲ್ಲ ಮಗಳೇ," ಎಂದ ಅವನು.

ಆ ಊರಿನಲ್ಲಿ ಕಪ್ಪು ಬಿಲ್ಲೆ ಕಟ್ಟಿದವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಆವಿಗೆಯವಳಿಗೆ ನಗು ಬಂತು, ಜೊತೆಗೇ ಅಳುವೂ ಬಂತು, ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಕೂತು, ಸ್ವಲ್ಪ ಆಚೆ ಸರಿದು, ಅವನಿಗೂ ಜಾಗ ಮಾಡಿಕೊಟ್ಟಳು.